ವಿಕಲಚೇತನ ಹರೆಯದವರ ಆರೈಕೆ: ಬಾಗಲಕೋಟೆಯ ಎರಡು ದಿನದ ತರಬೇತಿಯಲ್ಲಿ ಏನಿರಬೇಕು?

ಬಾಗಲಕೋಟೆ_ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರು, ಶುಶ್ರೂಷಾಧಿಕಾರಿಗಳು, ಹದಿಹರೆಯದವರ ಸ್ನೇಹ ಕ್ಲಿನಿಕ್ ಆಪ್ತಸಮಾಲೋಚಕರು ಸೇರಿ 24 ಜನರಿಗೆ ಎರಡು ದಿನದ ತರಬೇತಿ ಯೋಜಿಸುತ್ತಿದ್ದೇವೆ. ವಿಷಯ, 10ರಿಂದ 24 ವರ್ಷದ ವಿಕಲಚೇತನ ಹುಡುಗ ಹುಡುಗಿಯರಿಗೆ ಲಿಂಗಸೂಕ್ಷ್ಮ ಆರೈಕೆ. ಕರಡು ಹೀಗಿದೆ: ಮೊದಲ ದಿನ ಬೆಳಿಗ್ಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮತ್ತು ಅದರಲ್ಲಿನ 21 ಬಗೆಯ ಅಂಗವೈಕಲ್ಯ, ಮಧ್ಯಾಹ್ನ ಹರೆಯದ ಬದಲಾವಣೆಗಳು. ಎರಡನೇ ದಿನ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ), ಗರ್ಭನಿರೋಧಕ, ಕೊನೆಗೆ ಒಂದು ತಾಸು ಗುಂಪು ಚರ್ಚೆ. ಬಹುಪಾಲು ಸ್ಲೈಡು. ಏನು ತೆಗೆಯಲಿ, ಏನು ಸೇರಿಸಲಿ?

ಗಾಲಿಕುರ್ಚಿ_ಜಮಖಂಡಿ (ತರಬೇತುದಾರ)

ಮೇಡಂ, ಕಾನೂನನ್ನು 40 ನಿಮಿಷಕ್ಕೆ ಇಳಿಸಿ, ಎರಡನೇ ದಿನಕ್ಕೆ ದೂಡಿ. ಮೊದಲ ದಿನ ಬೆಳಿಗ್ಗೆಯೇ ಮಾತಾಡುವ ಅಭ್ಯಾಸ ಶುರುವಾಗಲಿ. ಈ ತರಬೇತಿಯಲ್ಲಿ ಬದಲಾಗಬೇಕಾದ ರೂಢಿ ಒಂದೇ: ರೋಗಿ ಎದುರಿಗೇ ಕೂತಿರುವಾಗ ಡಾಕ್ಟರು ಮೊದಲ ಪ್ರಶ್ನೆಯನ್ನು ಅವ್ವನಿಗೆ ಕೇಳುವುದು. ಅದು ಸ್ಲೈಡು ನೋಡಿ ಹೋಗುವುದಿಲ್ಲ, ಮಾಡಿ ಮಾಡಿಯೇ ಹೋಗಬೇಕು.

ಮೂವರ ಗುಂಪು ಮಾಡಿ. ಒಬ್ಬರು ವೈದ್ಯರು, ಒಬ್ಬರು ಜತೆಗೆ ಬಂದ ತಾಯಿ ಅಥವಾ ಅಣ್ಣ, ಮೂರನೆಯವರು ಹರೆಯದ ರೋಗಿ. 7 ನಿಮಿಷ ಸಂದರ್ಶನ, 3 ನಿಮಿಷ ಹಿಮ್ಮಾಹಿತಿ. ಹಿಮ್ಮಾಹಿತಿಯಲ್ಲಿ ರೋಗಿಯ ಪಾತ್ರದವರು ಮೊದಲು ಮಾತಾಡಬೇಕು, ವೈದ್ಯರ ಪಾತ್ರದವರು ಕೊನೆಗೆ. ಮೂರು ಸುತ್ತಿಗೆ 30 ನಿಮಿಷ. ಕೂರುವುದು, ಬದಲಾಗುವುದು ಸೇರಿ ಒಂದು ಪ್ರಕರಣಕ್ಕೆ 45 ನಿಮಿಷ ಇಡಿ. ಎರಡು ಪ್ರಕರಣ ಸಾಕು, ಮೂರನೆಯದಕ್ಕೆ ಜನ ದಣಿದು ನಾಟಕ ಮಾಡತೊಡಗುತ್ತಾರೆ.

ಇನ್ನೊಂದು ಮಾತು. ತರಬೇತುದಾರರಲ್ಲಿ ಕನಿಷ್ಠ ಮೂವರು ವಿಕಲಚೇತನ ಯುವಜನರು ಇರಲಿ, ಅವರಲ್ಲಿ ಹುಡುಗಿಯರೂ ಇರಲಿ, ವೈದ್ಯ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಅವರಿಗೂ ಸಲ್ಲಲಿ. ಅವರ ಕೆಲಸ ಪಾಠ ಹೇಳುವುದು ಮತ್ತು ಅಂಕ ಕೊಡುವುದು. ಅವರ ಬದುಕಿನ ಕತೆ ಕೇಳಿ ಕಣ್ಣೀರು ಹಾಕುವ ಕಾರ್ಯಕ್ರಮವಾಗಬಾರದು. ವಾರ್ಡಿನಿಂದ ರೋಗಿಗಳನ್ನು ತಂದು ವೇದಿಕೆ ಮೇಲೆ ತೋರಿಸುವುದಂತೂ ಬೇಡವೇ ಬೇಡ.

ಸಭಾಂಗಣವನ್ನೂ ಹೋಗಿ ಅಳೆಯಿರಿ. ಬಾಗಿಲು 90 ಸೆಂ.ಮೀ. ಅಗಲ, ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಶೌಚಾಲಯದೊಳಗೆ ಗಾಲಿಕುರ್ಚಿ ತಿರುಗುವಷ್ಟು ಜಾಗ. ತರಬೇತುದಾರರನ್ನೇ ನಾಲ್ಕು ಜನ ಎತ್ತಿಕೊಂಡು ಹೋಗುವ ಜಾಗದಲ್ಲಿ ಘನತೆಯ ಪಾಠ ನಡೆಯಲಾರದು.

ಪಿಎಚ್‌ಸಿ_ಸಿಂದಗಿ (ವೈದ್ಯಾಧಿಕಾರಿ)

ಒಪ್ಪುತ್ತೇನೆ, ಆದರೆ ಒಪಿಡಿಯ ವಾಸ್ತವವನ್ನೂ ಲೆಕ್ಕಕ್ಕೆ ತಗೊಳ್ಳಿ. ಮಧ್ಯಾಹ್ನದೊಳಗೆ ನೂರು ಚೀಟಿ. ಒಂಟಿಯಾಗಿ ಮಾತಾಡಲು ಕೋಣೆ ಇಲ್ಲ. ಅವ್ವನನ್ನು ಹೊರಗೆ ಕಳಿಸಿದರೆ "ನನ್ನ ಮಗಳಿಗೆ ಏನು ತಿಳಿಯುತ್ತದೆ" ಎಂದು ಜಗಳಕ್ಕೇ ನಿಲ್ಲುತ್ತಾರೆ. ಇದಕ್ಕೆ ಉತ್ತರ ಕೊಡದ ತರಬೇತಿ ಊರಿಗೆ ಹೋದ ಮಾರನೇ ದಿನವೇ ಮರೆತುಹೋಗುತ್ತದೆ.

ಎಂಆರ್‌ಡಬ್ಲ್ಯೂ_ಹುನಗುಂದ (ತಾಲ್ಲೂಕು ಪುನರ್ವಸತಿ ಕಾರ್ಯಕರ್ತೆ)

ಡಾಕ್ಟರ, ನೀವು ಹೇಳೂದು ಖರೇ ಐತ್ರಿ. ಆದ್ರ ಜಗಳಾ ಆಗೂದು "ನೀವು ಹೊರಗ ಹೋಗ್ರಿ" ಅಂದಾಗ. "ಹದಿಮೂರು ವರ್ಷ ದಾಟಿದ ಎಲ್ಲಾ ಹುಡುಗ್ರ ಕೂಡ ನಾವು ಐದು ನಿಮಿಷ ಬ್ಯಾರೆ ಮಾತಾಡ್ತೀವ್ರಿ ಯವ್ವಾ. ಅಷ್ಟರಾಗ ನೀವು ಸಿಸ್ಟರ್ ಕಡೆ ಹಳೇ ಚೀಟಿ ತೋರಿಸಿ ಗುಳಗಿ ತಗೊಂಡ ಬರ್ರಿ" ಅಂದ್ರ ಯಾರೂ ಸಿಟ್ಟಾಗಂಗಿಲ್ರಿ. ಎಲ್ಲಾರಿಗೂ ಇದಾ ಪದ್ಧತಿ ಅನ್ನೂ ಮಾತು ಮೊದಲ ಬರಬೇಕು. ನಿಮ್ಮ ಮಗಳಿಗಷ್ಟ ಅಂದ್ರ ಸಂಶಯ ಬರತೈತಿ.

ಕೋಣಿ ಇಲ್ಲಂದ್ರ ಡ್ರೆಸ್ಸಿಂಗ್ ರೂಮು, ಲಸಿಕಿ ರೂಮು, ಯಾವುದರ ಒಂದು ಮಧ್ಯಾಹ್ನದ ಮ್ಯಾಲ ಖಾಲಿ ಇರತೈತ್ರಿ. ಊರಾಗಿನ ಪುನರ್ವಸತಿ ಕಾರ್ಯಕರ್ತ ವಿಆರ್‌ಡಬ್ಲ್ಯೂಗೆ ಫೋನ್ ಮಾಡಿ ಇಂಥವ್ರನ್ನ ಎರಡು ಗಂಟೆ ಮ್ಯಾಲ ಕಳಸ್ರಿ ಅಂತ ಹೇಳಬಹುದು. ಮುಂಜಾನಿ ಪಾಳಿ ಹಚ್ಚಿ ಕುಂದ್ರೂದು ಬುದ್ಧಿಮಾಂದ್ಯ ಹುಡುಗ್ರಿಗೆ, ಆಟಿಸಂ ಇದ್ದವರಿಗೆ ಬಹಳ ತ್ರಾಸಾಗತೈತಿ. ಗದ್ದಲಕ್ಕ ಕೂಗಾಡ್ತಾರ, ಆಮ್ಯಾಲ ಡಾಕ್ಟರು ಮುಟ್ಟಾಕ ಬಿಡಂಗಿಲ್ಲ.

ಹಂಗಂತ ಒಳಗ ಒಬ್ಬಾಕಿನ್ನ ಬಿಡೂದಲ್ರಿ. ಮಾತಾಡೂ ಮುಂದ ಬಾಗಿಲ ಅರ್ಧ ತೆರದಿರಲಿ. ಮೈ ಮುಟ್ಟಿ ನೋಡೂ ಮುಂದ ಸಿಸ್ಟರ್ ಇರಲಿ, ಯಾರು ಇರಬೇಕಂತ ಹುಡುಗೀನ ಕೇಳ್ರಿ. ಹುಡುಗರಿಗೂ ಕೇಳ್ರಿ, ಅವರಿಗೂ ನಾಚಿಕಿ ಇರತೈತಿ.

ಸ್ತ್ರೀರೋಗ_ಬೆಳಗಾವಿ

ಪರೀಕ್ಷೆಯ ಭಾಗಕ್ಕೆ ಎರಡು ತಾಸು ಕೊಡಿ. ಗೊತ್ತಿಲ್ಲದೆ ಆಗುವ ಹಾನಿ ಹೆಚ್ಚಾಗಿ ಅಲ್ಲೇ ಆಗುತ್ತದೆ.

ಮೊದಲು ಕಲಿಸಬೇಕಾದ್ದು ಯಾವಾಗ ಒಳಪರೀಕ್ಷೆ ಬೇಡ ಎಂಬುದು. ಲೈಂಗಿಕ ಸಂಪರ್ಕವಾಗದ ಹುಡುಗಿಗೆ ಹೊಟ್ಟೆನೋವು, ಅತಿಸ್ರಾವ, ಅನಿಯಮಿತ ಮುಟ್ಟು ಯಾವುದಕ್ಕೇ ಬಂದರೂ ಸ್ಪೆಕ್ಯುಲಮ್ (ಯೋನಿಯೊಳಗೆ ನೋಡಲು ಹಾಕುವ ಉಪಕರಣ) ಬೇಕಾಗುವುದು ತೀರಾ ಕಡಿಮೆ. ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಕೋಶ ತುಂಬಿಸಿ ಹೊಟ್ಟೆಯ ಮೇಲಿಂದ ಸ್ಕ್ಯಾನಿಂಗ್, ಹೆಚ್ಚಿನವರಿಗೆ ಇಷ್ಟೇ ಸಾಕು. ಬೆನ್ನುಹುರಿ ತೊಂದರೆಯಿಂದ ಮೂತ್ರದ ಹಿಡಿತವಿಲ್ಲದವರಿಗೆ ಮೂತ್ರಕೋಶ ತುಂಬುವುದೇ ಕಷ್ಟ, ಅದನ್ನು ಸ್ಕ್ಯಾನಿಂಗ್ ಚೀಟಿಯಲ್ಲೇ ಬರೆದು ಕಳಿಸಿ.

ಒಳಪರೀಕ್ಷೆ ಬೇಕೇ ಬೇಕಾದಾಗ ಕಾಲು ಪಟ್ಟಿಗೆ ಏರಿಸುವ ಭಂಗಿಯೊಂದೇ ಗತಿಯಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ (ಮಿದುಳಿನ ಹಾನಿಯಿಂದ ಚಲನೆಯ ಹಿಡಿತ ತಪ್ಪುವ ಸ್ಥಿತಿ) ತೊಡೆಸಂದು ಜಾರಿರಬಹುದು, ಎಳೆದು ಅಗಲಿಸಿದರೆ ನೋವೂ ಆಗುತ್ತದೆ, ಸೆಳೆತವೂ ಹೆಚ್ಚುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ ಮೊಣಕಾಲು ಎದೆಗೆ ತಂದು ಮಾಡಬಹುದು. ಅಂಗಾಲು ಕೂಡಿಸಿ ಮೊಣಕಾಲು ಎರಡೂ ಕಡೆ ಬಿಟ್ಟು ಕೆಳಗೆ ದಿಂಬಿಟ್ಟೂ ಮಾಡಬಹುದು. ಸೆಳೆತ ಬಂದರೆ ಕಾಲನ್ನು ಮೆಲ್ಲಗೆ ಆಧರಿಸಿ ಹಿಡಿದು ಕಾಯಬೇಕು, ಒತ್ತಬಾರದು. ಮೇಜು ನೆಲದಿಂದ 45-48 ಸೆಂ.ಮೀ. ಎತ್ತರಕ್ಕೆ ಇಳಿಯುವಂಥದ್ದಾದರೆ ಗಾಲಿಕುರ್ಚಿಯಿಂದ ತಾವೇ ಸರಿಯಬಲ್ಲರು. ಅಂಥ ಮೇಜು ಇಲ್ಲದಿದ್ದರೆ ತಗ್ಗು ಮಂಚ ಹಾಕಿ. ಈ ಭಂಗಿಗಳನ್ನು ತರಬೇತಿಯಲ್ಲಿ ಬಟ್ಟೆ ಉಟ್ಟೇ, ಒಬ್ಬರ ಮೇಲೊಬ್ಬರು ಮಾಡಿ ನೋಡಲಿ. ಸ್ಪೆಕ್ಯುಲಮ್ ಮಾದರಿಬೊಂಬೆಯ ಮೇಲೆ ಮಾತ್ರ.

ಎರಡು ಅಪಾಯಗಳು ಗೋಡೆ ಮೇಲೆ ಅಂಟಿಸುವಷ್ಟು ಮುಖ್ಯ.

ಬೆನ್ನುಹುರಿ ಎದೆಯ 6ನೇ ಹಂತದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಸ್ಪೆಕ್ಯುಲಮ್, ತುಂಬಿದ ಮೂತ್ರಕೋಶ, ಮಲಬದ್ಧತೆ ಇಂಥವು ರಕ್ತದೊತ್ತಡವನ್ನು ದಿಢೀರ್ ಏರಿಸುತ್ತವೆ. ತಲೆ ಸಿಡಿತ, ಮುಖ ಕೆಂಪು, ಪೆಟ್ಟಿನ ಜಾಗಕ್ಕಿಂತ ಮೇಲ್ಭಾಗದಲ್ಲಿ ಬೆವರು, ನಾಡಿ ನಿಧಾನ. ಇವರ ಎಂದಿನ ಮೇಲಿನ ಒತ್ತಡವೇ 90-110 ಇರುವುದರಿಂದ 130-140 ಕಂಡರೂ ಅದು ಅಪಾಯವೇ. "ನಾರ್ಮಲ್" ಎಂದು ಬಿಡುವುದು ದೊಡ್ಡ ತಪ್ಪು. ಸ್ಪೆಕ್ಯುಲಮ್ ತೆಗೆಯಿರಿ, ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಬಿಡಿ, ಬಿಗಿಬಟ್ಟೆ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ ನೋಡಿ, ಕೆಲವೇ ನಿಮಿಷಕ್ಕೊಮ್ಮೆ ಬಿಪಿ ಅಳೆಯಿರಿ. 150 ದಾಟಿ ಇಳಿಯದಿದ್ದರೆ ಔಷಧ ಬೇಕು, ತುರ್ತಾಗಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.

ಇನ್ನೊಂದು ಲೇಟೆಕ್ಸ್ ಎಂಬ ರಬ್ಬರು. ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಮುಚ್ಚಿರದ ದೋಷ) ಇದ್ದವರಲ್ಲಿ ಅದರ ಅಲರ್ಜಿ ಸಾಮಾನ್ಯ. ನೈಟ್ರೈಲ್ ಕೈಗವಸು, ಸಿಲಿಕಾನ್ ಕ್ಯಾಥೆಟರ್ ಇಟ್ಟುಕೊಳ್ಳಿ. ಕಾಂಡೋಮ್ ಬಗ್ಗೆ ಹೇಳುವಾಗಲೂ ಇದು ನೆನಪಿರಲಿ.

ನರರೋಗ_ವಿಜಯಪುರ

ಔಷಧಿಯ ಅಧಿವೇಶನಕ್ಕೆ ಒಂದು ತಾಸು ಬೇಕು. ವಿಕಲಚೇತನ ಹರೆಯದವರಲ್ಲಿ ಅಪಸ್ಮಾರವೂ ಇರುವುದು ಬಹಳ, ಅದರ ಗುಳಿಗೆಗೂ ಹೆಣ್ಣುಮಕ್ಕಳ ಆರೋಗ್ಯಕ್ಕೂ ನೇರ ನಂಟಿದೆ.

ಸೋಡಿಯಂ ವಾಲ್‌ಪ್ರೊಯೇಟ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಹತ್ತು ವರ್ಷಕ್ಕೆ ಶುರುವಾದದ್ದು ಇಪ್ಪತ್ತಕ್ಕೂ ಮುಂದುವರಿಯುತ್ತದೆ, ನಡುವೆ ಯಾರೂ ಕೇಳುವುದಿಲ್ಲ. ಗರ್ಭದಲ್ಲಿ ಇದಕ್ಕೊಡ್ಡಿಕೊಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 10ಕ್ಕೆ ಗಂಭೀರ ಜನ್ಮದೋಷ, 30-40ಕ್ಕೆ ಬೆಳವಣಿಗೆಯ ತೊಂದರೆ. "ಈಕೆಗೆ ಮದುವೆ ಎಲ್ಲಿ ಆಗುತ್ತದೆ" ಎಂದುಕೊಂಡು ಬರೆಯುತ್ತಾ ಹೋಗುವುದು ತಪ್ಪು. ಹುಡುಗಿ ದೊಡ್ಡವಳಾಗುವ ಹೊತ್ತಿಗೇ ಬದಲಿ ಔಷಧಿಯ ಚರ್ಚೆ ಆಗಬೇಕು. ಆದರೆ ಪಿಎಚ್‌ಸಿಯಲ್ಲಿ ಥಟ್ಟನೆ ನಿಲ್ಲಿಸಬೇಡಿ, ನಿಲ್ಲದ ಫಿಟ್ಸ್ ಬರಬಹುದು. ನರರೋಗ ತಜ್ಞರಲ್ಲಿಗೆ ಕಳಿಸಿ.

ಕಾರ್ಬಮಜೆಪೀನ್, ಫೆನಿಟೋಯಿನ್, ಫಿನೊಬಾರ್ಬಿಟೋನ್ ಮೂರೂ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುತ್ತವೆ, ತುರ್ತು ಗುಳಿಗೆಯ ಬಲವನ್ನೂ. ಲ್ಯಾಮೊಟ್ರಿಜಿನ್ ವಿಷಯ ತಿರುವುಮುರುವು: ಈಸ್ಟ್ರೋಜನ್ ಇರುವ ಗುಳಿಗೆ ಲ್ಯಾಮೊಟ್ರಿಜಿನ್ ಮಟ್ಟವನ್ನೇ ಇಳಿಸಿ ಫಿಟ್ಸ್ ಹೆಚ್ಚಿಸಬಹುದು. ಸರ್ಕಾರದ ಅಂತರಾ ಗರ್ಭನಿರೋಧಕ ಚುಚ್ಚುಮದ್ದು, ಮೂರು ತಿಂಗಳಿಗೊಮ್ಮೆ ಕೊಡುವುದು, ಫಿಟ್ಸ್ ಔಷಧಿಯ ಜತೆ ಕೆಲಸ ಮಾಡುತ್ತದೆ. ಆದರೆ ಮೂಳೆಯ ಸಾಂದ್ರತೆ ಇಳಿಸುತ್ತದೆ. ನಡೆದಾಡದ ಹುಡುಗಿಯ ಮೂಳೆ ಮೊದಲೇ ತೆಳ್ಳಗಿರುತ್ತದೆ, ಹಾಗಾಗಿ "ಮುಟ್ಟು ನಿಲ್ಲಲಿ" ಎಂದು ವರ್ಷಗಟ್ಟಲೆ ಚುಚ್ಚಿಸುವುದಲ್ಲ. ಚಲನೆಯಿಲ್ಲದವರಿಗೆ ಈಸ್ಟ್ರೋಜನ್ ಗುಳಿಗೆಯಿಂದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವನ್ನೂ ತೂಗಿ ನೋಡಬೇಕು.

ವರ್ತನೆಯ ತೊಂದರೆಗೆ ರಿಸ್ಪೆರಿಡೋನ್ ಕೊಡುತ್ತಿದ್ದರೆ ಹುಡುಗಿಯರಿಗೆ ಮುಟ್ಟು ನಿಲ್ಲುತ್ತಿದೆಯೇ, ಹುಡುಗರಿಗೆ ಎದೆ ಊದಿದೆಯೇ ಎಂದು ಕೇಳಿ. ಅವರಾಗಿ ಹೇಳುವುದಿಲ್ಲ.

ಪಿಎಚ್‌ಸಿ_ಸಿಂದಗಿ

ಸರ್, ಇದು ನೇರ ಕೆಲಸಕ್ಕೆ ಬರುವ ಮಾಹಿತಿ. ಇನ್ನೊಂದು ಪ್ರಶ್ನೆ. ತಂದೆ ತಾಯಿ ಬಂದು ಮಗಳ ಗರ್ಭಕೋಶ ತೆಗೆಸಿಕೊಡಿ ಎಂದು ಕೇಳುತ್ತಾರೆ. ಬುದ್ಧಿಮಾಂದ್ಯೆ, ಮುಟ್ಟಿನಲ್ಲಿ ಬಟ್ಟೆ ಕಿತ್ತೆಸೆಯುತ್ತಾಳೆ, ಯಾರಾದರೂ ಕೆಡಿಸಿದರೆ ಗತಿಯೇನು ಎನ್ನುತ್ತಾರೆ. ಏನು ಹೇಳಬೇಕು?

ಸ್ತ್ರೀರೋಗ_ಬೆಳಗಾವಿ

ಸ್ರಾವ, ಬಟ್ಟೆ ಕಿತ್ತೆಸೆಯುವುದು, ದೌರ್ಜನ್ಯದ ಭಯ, ಈ ಮೂರನ್ನೂ ಬೇರೆ ಬೇರೆಯಾಗಿ ಬಿಡಿಸಿ. ಬೈದು ಕಳಿಸಿದರೆ ಬೇರೆ ಊರಿನ ನರ್ಸಿಂಗ್ ಹೋಂಗೆ ಹೋಗುತ್ತಾರೆ.

ಸ್ರಾವವೇ ಹೆಚ್ಚಿದ್ದರೆ ಅದಕ್ಕೆ ಚಿಕಿತ್ಸೆ ಇದೆ: ಟ್ರಾನೆಕ್ಸಾಮಿಕ್ ಆಸಿಡ್, ಕಬ್ಬಿಣಾಂಶ, ಹಾರ್ಮೋನ್. ಬೇಕಾದಲ್ಲಿ ಗರ್ಭಕೋಶದೊಳಗಿಡುವ 52 ಮಿ.ಗ್ರಾಂ. ಲೆವೊನಾರ್ಜೆಸ್ಟ್ರೆಲ್ ಸಾಧನ. ಬಟ್ಟೆ ಕಿತ್ತೆಸೆಯುವುದು ಬಹಳ ಸಲ ನೋವಿನ ಭಾಷೆ. ಮೂರು ತಿಂಗಳು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿ. ಮುಟ್ಟಿನ ದಿನಗಳಿಗೇ ಹೊಂದಿದರೆ ನೋವಿನ ಮಾತ್ರೆ ಮೊದಲ ದಿನದಿಂದ, ಊಟದ ನಂತರ. ಹೊಂದದಿದ್ದರೆ ಹಲ್ಲು, ಮಲಬದ್ಧತೆ, ಉರಿಮೂತ್ರ ನೋಡಿ. ಮಾತಾಡಲಾಗದವರ ನೋವಿಗೆ ಫ್ಲ್ಯಾಕ್ ಮಾಪಕ ಕಲಿಸಿ: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವಿಕೆ, ತಲಾ 0ರಿಂದ 2, ಒಟ್ಟು 10.

ಮೂರನೆಯದೇ ಮುಖ್ಯ. ಗರ್ಭಕೋಶ ತೆಗೆದರೆ ಗರ್ಭ ಕಟ್ಟುವುದಿಲ್ಲ, ಆದರೆ ದೌರ್ಜನ್ಯ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ಬಯಲಾಗುವ ದಾರಿಯೊಂದು ಮುಚ್ಚುತ್ತದೆ. ಇದನ್ನು ಮೆಲ್ಲಗೆ, ಆದರೆ ನೇರವಾಗಿ ಹೇಳಬೇಕು. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ವಸತಿಗೃಹದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆದದ್ದು ದೇಶದಾದ್ಯಂತ ಪ್ರತಿಭಟನೆಗೆ ಕಾರಣವಾಯಿತು. ಆಗಲೂ "ಶುಚಿತ್ವ" ಎಂಬ ಕಾರಣವನ್ನೇ ಮುಂದಿಟ್ಟಿದ್ದರು.

ವಕೀಲೆ_ಗೋಕಾಕ

ಕಾನೂನಿನ 40 ನಿಮಿಷಕ್ಕೆ ಇಷ್ಟು ಸಾಕು.

2016ರ ಕಾಯ್ದೆಯ 10ನೇ ಕಲಂ: ಮುಕ್ತವಾದ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಬಂಜೆತನ ತರುವ ಯಾವ ವೈದ್ಯಕೀಯ ಕ್ರಿಯೆಯನ್ನೂ ವಿಕಲಚೇತನರ ಮೇಲೆ ಮಾಡುವಂತಿಲ್ಲ. 92(ಎಫ್): ವಿಕಲಚೇತನ ಮಹಿಳೆಯ ಸ್ಪಷ್ಟ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿದರೆ 6 ತಿಂಗಳಿಂದ 5 ವರ್ಷ ಜೈಲು, ದಂಡ. ತೀವ್ರ ಅಂಗವೈಕಲ್ಯವಿದ್ದು, ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಎರಡೂ ಇದ್ದಾಗ ಮಾತ್ರ ವಿನಾಯಿತಿ.

18 ತುಂಬಿದ ಬುದ್ಧಿಮಾಂದ್ಯ ಯುವತಿಯ ಪರವಾಗಿ ತಾಯಿ ಸಹಿ ಹಾಕಿದರೆ ಸಾಕು ಎಂದು ಬಹಳ ವೈದ್ಯರು ತಿಳಿದಿದ್ದಾರೆ. ಸಾಲದು. ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಕಾಯಿಲೆ ಬೇರೆ ಎಂದು ಹೇಳಿ, ಗರ್ಭ ಉಳಿಸಿಕೊಳ್ಳುವ ವಿಷಯದಲ್ಲಿ ಆ ಯುವತಿಯ ಇಚ್ಛೆಯನ್ನೇ ಎತ್ತಿಹಿಡಿಯಿತು. 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು, ಜತೆಗೆ ಹುಡುಗಿಯ ಸಮ್ಮತಿಯನ್ನೂ ಅವಳಿಗೆ ತಿಳಿಯುವ ರೀತಿಯಲ್ಲಿ ಪಡೆದು ದಾಖಲಿಸಿ.

ಪೋಕ್ಸೊ: 19ನೇ ಕಲಂ ಪ್ರಕಾರ ವರದಿ ಕಡ್ಡಾಯ. ಹುಡುಗಿಯ ಪರೀಕ್ಷೆ ಮಹಿಳಾ ವೈದ್ಯರಿಂದ, ಅವಳು ನಂಬುವವರ ಎದುರು. ಅಂಥವರಿಲ್ಲದಿದ್ದರೆ ಸಂಸ್ಥೆಯ ಮುಖ್ಯಸ್ಥರು ಹೆಸರಿಸಿದ ಮಹಿಳೆಯ ಎದುರು. ಸುಪ್ರೀಂ ಕೋರ್ಟಿನ 2022ರ ಸೆಪ್ಟೆಂಬರ್ ತೀರ್ಪಿನಂತೆ, ಒಪ್ಪಿತ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತೆ ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೋರಿದರೆ ವರದಿಯಲ್ಲಿ ಅವಳ ಗುರುತು ಕೊಡಬೇಕಿಲ್ಲ. ದೌರ್ಜನ್ಯಕ್ಕೊಳಗಾದವರಿಗೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಯೋನಿಯೊಳಗೆ ಎರಡು ಬೆರಳಿಟ್ಟು ನೋಡುವ ಪರೀಕ್ಷೆ ಮಾಡಿದರೆ ಅದು ದುರ್ನಡತೆ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಂಡಿ_ವಿಶೇಷಶಿಕ್ಷಕಿ

ಒಪ್ಪಿಗೆ ಪಡೆಯಿರಿ ಎನ್ನುವುದು ಸುಲಭ, ಹೇಗೆ ಎಂಬುದೇ ಅರ್ಧ ದಿನದ ಪಾಠ.

ಕಿವಿ ಕೇಳದ ಹುಡುಗಿಗೆ ಅಣ್ಣ ಅಥವಾ ಚಿಕ್ಕಪ್ಪ ದುಭಾಷಿಯಾಗಬಾರದು. ದೌರ್ಜನ್ಯ ಮಾಡಿದವನೇ ಅನುವಾದಕ್ಕೆ ಕೂತಿರಬಹುದು. ಹಳ್ಳಿಯ ಬಹಳ ಮಕ್ಕಳು ಶಾಲೆಯ ಸಂಜ್ಞಾಭಾಷೆ ಕಲಿತಿರುವುದಿಲ್ಲ, ಮನೆಯ ಸನ್ನೆ ಮಾತ್ರ ಬಲ್ಲರು. ಆಗ ಸಂಜ್ಞಾಭಾಷಾ ದುಭಾಷಿಯ ಜತೆ ಕಿವುಡರೇ ಆದ ಒಬ್ಬ ಹಿರಿಯ ಹೆಣ್ಣುಮಗಳು ಮಧ್ಯವರ್ತಿಯಾಗಿದ್ದರೆ ಮಾತು ದಾಟುತ್ತದೆ. ತುಟಿ ನೋಡಿ ತಿಳಿಯುವವರ ಎದುರು ಮಾಸ್ಕ್ ತೆಗೆಯಿರಿ, ಕಂಪ್ಯೂಟರ್ ಕಡೆ ಮುಖ ಮಾಡಿ ಮಾತಾಡಬೇಡಿ.

ಕಣ್ಣು ಕಾಣದವರಿಗೆ ಕೋಣೆಯಲ್ಲಿ ಯಾರ್ಯಾರಿದ್ದಾರೆ ಎಂದು ಮೊದಲು ಹೇಳಿ. ಮುಟ್ಟುವ ಮುನ್ನ ಎಲ್ಲಿ ಮುಟ್ಟುತ್ತೀರಿ ಎಂದು ತಿಳಿಸಿ, ಉಪಕರಣವನ್ನು ಕೈಗೆ ಕೊಟ್ಟು ಪರಿಚಯಿಸಿ. ಎರಡು ಬಗೆ ಗುಳಿಗೆ ಕೊಟ್ಟರೆ ಒಂದರ ಪಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ.

ಬೌದ್ಧಿಕ ಅಂಗವೈಕಲ್ಯ ಇದ್ದವರಿಗೆ ಒಂದು ಸಲಕ್ಕೆ ಒಂದೇ ವಿಷಯ, ಚಿತ್ರದ ಜತೆ. ಕೇಳಿ ಹತ್ತು ಸೆಕೆಂಡ್ ಸುಮ್ಮನಿರಿ. ಉತ್ತರ ಆ ಮೌನದ ನಂತರ ಬರುತ್ತದೆ, ನಾವು ಅಷ್ಟರಲ್ಲಿ ಅವ್ವನ ಕಡೆ ತಿರುಗಿರುತ್ತೇವೆ. "ತಿಳಿಯಿತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. "ಈಗ ನಾನು ಏನು ಮಾಡ್ತೀನಿ, ನೀ ಹೇಳು" ಎಂದು ತಿರುಗಿ ಹೇಳಿಸಿ. "ಬೇಡ" ಎನ್ನಲು ಒಂದು ಕಾರ್ಡೋ ಸನ್ನೆಯೋ ಇರಲಿ, ಅದನ್ನು ತೋರಿಸಿದಾಗ ನಿಜಕ್ಕೂ ಕೈ ತೆಗೆಯಿರಿ.

ಮುಟ್ಟಿನ ನಿರ್ವಹಣೆಯನ್ನು ಮೈನೆರೆಯುವ ಮೊದಲೇ ಕಲಿಸಬೇಕು. ಮುಟ್ಟಿಲ್ಲದ ದಿನ ಒಣ ಪ್ಯಾಡ್ ಹಾಕಿ ಒಂದೊಂದು ತಾಸು ರೂಢಿ, ನಂತರ ಕುಂಕುಮದ ನೀರಿನ ಕಲೆ ಹಾಕಿ ಬದಲಾಯಿಸುವ ಅಭ್ಯಾಸ. ಶೌಚಾಲಯದ ಬಾಗಿಲ ಹಿಂದೆ ಪ್ಯಾಡ್ ಬದಲಾಯಿಸುವ ಕ್ರಮ ತೋರುವ ಆರು ಚಿತ್ರದ ಪಟ್ಟಿ. ಇಡೀ ದಿನ ಕೂತೇ ಇರುವವರಿಗೆ ಒದ್ದೆ ಪ್ಯಾಡಿನಿಂದ ಒತ್ತಡದ ಹುಣ್ಣಾಗುತ್ತದೆ. 4ರಿಂದ 6 ತಾಸಿಗೊಮ್ಮೆ ಬದಲಾಯಿಸಿ, ಪ್ರತಿ ಸಲ ಚರ್ಮ ನೋಡಿ.

ಸ್ನೇಹ_ಮುಧೋಳ (ಆಪ್ತಸಮಾಲೋಚಕ)

ಚರ್ಚೆ ಪೂರ್ತಿ ಹುಡುಗಿಯರ ಸುತ್ತಲೇ ಇದೆ, ಹುಡುಗರ ಮಾತೂ ಬರಲಿ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗರಲ್ಲಿ ವೃಷಣ ಕೆಳಗಿಳಿಯದಿರುವುದು ಹೆಚ್ಚು, ಡಯಾಪರ್ ಬಿಚ್ಚಿ ನೋಡದೆ ತಪ್ಪಿಹೋಗುತ್ತದೆ. ಡ್ಯುಶೆನ್ ಸ್ನಾಯುಕ್ಷಯಕ್ಕೆ ಸ್ಟೆರಾಯ್ಡ್ ತಗೊಳ್ಳುವ ಹುಡುಗರಿಗೆ ಹರೆಯ ತಡವಾಗುತ್ತದೆ. ಗೆಳೆಯರಿಗೆ ಮೀಸೆ ಬಂದು ತನಗೆ ಬರದ ಸಂಕಟವನ್ನು ಯಾರೂ ಕೇಳುವುದಿಲ್ಲ. ಹದಿನಾರರ ಹುಡುಗನಿಗೆ ಅವ್ವನೇ ಸ್ನಾನ ಮಾಡಿಸುತ್ತಿದ್ದರೆ ಅವನ ಮುಜುಗರ, ಅವಳ ಸೊಂಟನೋವು ಎರಡೂ ನಮ್ಮ ಪ್ರಶ್ನೆಪಟ್ಟಿಯಲ್ಲಿರಬೇಕು. ಅಪ್ಪನನ್ನೋ ಅಣ್ಣನನ್ನೋ ಆರೈಕೆಗೆ ಎಳೆತರುವುದು ಲಿಂಗಸೂಕ್ಷ್ಮತೆಯ ಭಾಗವೇ.

ಎಲ್ಲರೆದುರು ಗುಪ್ತಾಂಗ ಮುಟ್ಟಿಕೊಳ್ಳುತ್ತಾನೆ ಎಂದು ಕರೆತಂದರೆ ನಿದ್ದೆ ಗುಳಿಗೆ ಬರೆಯಬೇಡಿ. ತುರಿಕೆ, ಶಿಲೀಂಧ್ರ, ಬಿಗಿ ಚರ್ಮ ಇದೆಯೇ ನೋಡಿ. ಇಲ್ಲದಿದ್ದರೆ ಎಲ್ಲಿ, ಯಾವಾಗ ಎಂಬ ಖಾಸಗಿತನದ ಪಾಠ ಸಾಕು. ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ. 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಿಶ್ಲೇಷಣೆಯಂತೆ ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೊಳಗಾಗುವ ಸಾಧ್ಯತೆ ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು.

ಆಟಿಸಂ ಇರುವವರಲ್ಲಿ ತನ್ನ ಲಿಂಗ ಬೇರೆ ಎಂದು ಹೇಳುವವರು ತುಸು ಹೆಚ್ಚು. ಅದನ್ನು "ಬುದ್ಧಿ ಇಲ್ಲದ್ದಕ್ಕೆ ಹಾಗಂತಾನೆ" ಎಂದು ತಳ್ಳಬಾರದು. ಯಾವ ಹೆಸರಿಂದ ಕರೆಯಲಿ ಎಂದು ಕೇಳಿ, ಹಾಗೇ ಕರೆಯಿರಿ. ಸವದತ್ತಿ ಸೀಮೆಯಲ್ಲಿ ಇಂಥವರನ್ನು ದೇವಿಗೆ ಬಿಡುವ ಮಾತೂ ಮನೆಯಲ್ಲಿ ಬಂದಿರಬಹುದು. ಮನೆಯವರ ನಂಬಿಕೆಗೆ ನಗದೆ, ಹುಡುಗನ ಅಥವಾ ಹುಡುಗಿಯ ಇಚ್ಛೆ ಏನೆಂದು ಬೇರೆಯಾಗಿ ಕೇಳಿ. "ಸರಿಪಡಿಸುವ" ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ.

ಗಾಲಿಕುರ್ಚಿ_ಜಮಖಂಡಿ

ಕೊನೆಯ ಗುಂಪು ಚರ್ಚೆಯ ಬದಲು ಪರೀಕ್ಷೆ ಇಡಿ ಮೇಡಂ. ಮೂರು ಠಾಣೆ, ತಲಾ 8 ನಿಮಿಷ: ಒಂಟಿ ಸಂದರ್ಶನಕ್ಕೆ ಅವ್ವನನ್ನು ಒಪ್ಪಿಸುವುದು, ಚಿತ್ರ ಬಳಸಿ ಒಪ್ಪಿಗೆ ಪಡೆಯುವುದು, ಗಾಲಿಕುರ್ಚಿಯಿಂದ ಮೇಜಿಗೆ ಸರಿಸಿ ಭಂಗಿ ಕೊಡುವುದು. ಇಂಥ ಮೂರು ಠಾಣೆಗಳ ಎರಡು ಸೆಟ್ಟು ಹೂಡಿದರೆ ಒಮ್ಮೆಗೆ 6 ಜನ, 24 ಜನಕ್ಕೆ 96 ನಿಮಿಷ. ಓಡಾಟ ಸೇರಿ ಎರಡು ತಾಸು. ಅಂಕ ಕೊಡುವವರಲ್ಲಿ ವಿಕಲಚೇತನ ತರಬೇತುದಾರರು ಇರಲೇಬೇಕು. ಲಿಖಿತ ಪ್ರಶ್ನೆಪತ್ರಿಕೆಯಲ್ಲಿ ಎಲ್ಲರ ಅಂಕವೂ ಏರುತ್ತದೆ, ನಡೆ ಬದಲಾಯಿತೇ ಎಂದು ಅದು ಹೇಳುವುದಿಲ್ಲ. ಮೂರು ತಿಂಗಳ ನಂತರ ಅವರ ಕೇಂದ್ರಕ್ಕೇ ಹೋಗಿ ಅದೇ ಪಟ್ಟಿ ಹಿಡಿದು ನೋಡಿ.

ಬಾಗಲಕೋಟೆ_ಸಂಯೋಜಕಿ

ಎಲ್ಲರಿಗೂ ಧನ್ಯವಾದ. ಕರಡು ಬದಲಾಗಿದೆ. ಮೊದಲ ದಿನ: ಮೂವರ ಗುಂಪು 90 ನಿಮಿಷ, ಸಂವಹನ ಎರಡು ತಾಸು, ಮಧ್ಯಾಹ್ನ ಪರೀಕ್ಷಾ ಭಂಗಿ ಎರಡು ತಾಸು. ಎರಡನೇ ದಿನ: ಔಷಧ ಒಂದು ತಾಸು, ಮುಟ್ಟು ಮತ್ತು ಗರ್ಭಕೋಶದ ಪ್ರಶ್ನೆ 60 ನಿಮಿಷ, ಹುಡುಗರು ಹಾಗೂ ಲಿಂಗ ಗುರುತು 45, ಕಾನೂನು 40, ಕೊನೆಗೆ ಮೂರು ಠಾಣೆ. ದೌರ್ಜನ್ಯದ ನಂತರದ ಆರೈಕೆಗೆ ಜಾಗ ಸಿಗುತ್ತಿಲ್ಲ.

ಸ್ತ್ರೀರೋಗ_ಬೆಳಗಾವಿ

ಅದನ್ನು ಕಾನೂನಿಗೆ ಜೋಡಿಸಿ 75 ನಿಮಿಷ ಮಾಡಿ. ಗಡುವುಗಳೇ ಮುಖ್ಯ: ಎಚ್‌ಐವಿ ತಡೆಯುವ ಗುಳಿಗೆ 72 ತಾಸಿನೊಳಗೆ, 28 ದಿನ. ತುರ್ತು ಗರ್ಭನಿರೋಧಕ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ., ಆದಷ್ಟು ಬೇಗ, 72 ತಾಸಿನೊಳಗೆ. ಫಿಟ್ಸ್ ಔಷಧಿಯಲ್ಲಿದ್ದರೆ ತಜ್ಞರನ್ನು ಕೇಳಿ ಪ್ರಮಾಣ ಹೆಚ್ಚಿಸಬೇಕು ಅಥವಾ ತಾಮ್ರದ ವಂಕಿ ಯೋಚಿಸಬೇಕು.

ಪಿಎಚ್‌ಸಿ_ಸಿಂದಗಿ

ಆರು ಚಿತ್ರದ ಪಟ್ಟಿ ಮತ್ತು "ಬೇಡ" ಕಾರ್ಡು ನಮಗೆ ಎಲ್ಲಿ ಸಿಗುತ್ತದೆ?

ಇಂಡಿ_ವಿಶೇಷಶಿಕ್ಷಕಿ

ಕೊಳ್ಳಬೇಕಿಲ್ಲ ಡಾಕ್ಟರ್. ಎ4 ಹಾಳೆಗೆ ಎರಡೇ ಚಿತ್ರ, ದಪ್ಪ ಗೆರೆ, ಬಿಳಿ ಹಿನ್ನೆಲೆ. ನೆಟ್ಟಿನಿಂದ ಇಳಿಸಿದ ಕಮೋಡಿನ ಚಿತ್ರ ಹಾಕಬೇಡಿ, ನಿಮ್ಮೂರ ಶೌಚಾಲಯ, ಬಕೆಟ್, ಅಲ್ಲಿ ಸಿಗುವ ಪ್ಯಾಡಿನ ಫೋಟೊ ತೆಗೆದು ಹಾಕಿ. ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ತಾವು ದಿನಾ ಕಾಣುವ ವಸ್ತುವೇ ಬೇಗ ಹತ್ತುತ್ತದೆ. ಎರಡೂ ಕಡೆ ಲ್ಯಾಮಿನೇಷನ್ ಮಾಡಿಸಿ, ಇಲ್ಲದಿದ್ದರೆ ನೀರಿಗೆ ವಾರದಲ್ಲಿ ಹಾಳಾಗುತ್ತದೆ. "ಬೇಡ" ಕಾರ್ಡು ಅಂಗೈಯಗಲ ಇರಲಿ, ಕೈ ಬಿಗಿಯಿರುವವರಿಗೆ ಹಿಡಿಯಲು ಹಿಂದೆ ದಪ್ಪ ಸ್ಪಂಜು ಅಂಟಿಸಿ.